40 ಮೀಟರ್ ಇನ್‌ವರ್ಟೆಡ್ ವೀ: ಸೂತ್ರದ ಪ್ರಕಾರ ಕತ್ತರಿಸಿದರೂ ಡಿಪ್ 6.78ರಲ್ಲಿ, ಜೊತೆಗೆ ಮೈಕ್ ಜುಮ್ ಅನ್ನುತ್ತೆ

ತಾರಸಿ_ತಂತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮನೆ, ಎರಡು ಅಂತಸ್ತು, ತಾರಸಿ 30×40 ಅಡಿ. ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡಿಗೆ, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್‌ಗೆ, ಒಂದು ಇನ್‌ವರ್ಟೆಡ್ ವೀ (ಮಧ್ಯ ಎತ್ತರದಲ್ಲಿ, ಎರಡೂ ಕೊನೆ ಕೆಳಗೆ ಇರುವ ತಂತಿ ಆಂಟೆನಾ) ಕಟ್ಟಿದ್ದೇನೆ. ಈಗಿರುವ ಸ್ಥಿತಿ ಹೀಗಿದೆ:

ತಂತಿ: ಮನೆ ವೈರಿಂಗಿನ 2.5 ಚದರ ಮಿ.ಮೀ. ಮಲ್ಟಿಸ್ಟ್ರ್ಯಾಂಡ್, ಪಿವಿಸಿ ಹೊದಿಕೆ ಇದೆ. ಒಂದೊಂದು ಕಡೆಗೆ 10.05 ಮೀಟರ್.
ಮಧ್ಯದ ತುದಿ: ಜಿಐ ಪೈಪ್ ಮೇಲೆ, ತಾರಸಿಯಿಂದ 7.5 ಮೀಟರ್ ಎತ್ತರ.
ಕೊನೆಗಳು: ತಾರಸಿಯ ಎದುರುಬದುರು ಮೂಲೆಗಳಲ್ಲಿ ಪ್ಯಾರಪೆಟ್ ಗೋಡೆಗೆ ನೈಲಾನ್ ದಾರದಿಂದ ಕಟ್ಟಿದೆ, ಸುಮಾರು 1 ಮೀಟರ್ ಎತ್ತರ.
ಕೇಬಲ್: ಆರ್‌ಜಿ-58 ಕೋಆಕ್ಸ್ (ನಡುತಂತಿ, ಅದರ ಸುತ್ತ ಜಾಲರಿ), 20 ಮೀಟರ್. ಬಾಲನ್ (ಕೇಬಲಿನ ಹೊರಮೈಗೆ ಕರೆಂಟ್ ಹರಿಯದಂತೆ ತಡೆಯುವ ಭಾಗ) ಇಲ್ಲ, ತಂತಿಗೆ ನೇರ ಬೆಸುಗೆ. ಒಂದು ಕಡೆಯ ತಂತಿಯ ಪಕ್ಕದಲ್ಲೇ ಕೆಳಗಿಳಿದು ರೂಮಿಗೆ ಬರುತ್ತದೆ.

ರೂಮಿನಲ್ಲಿ ನ್ಯಾನೊವಿಎನ್‌ಎ (ಆಂಟೆನಾ ಅಳೆಯುವ ಚಿಕ್ಕ ಉಪಕರಣ) ಇಟ್ಟು ಅಳೆದರೆ ಎಸ್‌ಡಬ್ಲ್ಯೂಆರ್ (ಹೊಂದಿಕೆಯ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) ಅತಿ ಕಡಿಮೆ ಬರುವ ಜಾಗ, ಅಂದರೆ ಡಿಪ್, 6.78 ಮೆಗಾಹರ್ಟ್ಸ್‌ನಲ್ಲಿ 1.5, 7.1ರಲ್ಲಿ 3.8. 50 ವ್ಯಾಟ್‌ನಲ್ಲಿ ಮಾತಾಡುವಾಗ ಮೈಕಿನ ಲೋಹದ ಭಾಗ ತಾಗಿದರೆ ತುಟಿ ಜುಮ್ ಅನ್ನುತ್ತದೆ. ಸಂಜೆ ಹೊತ್ತು ಎಸ್-ಮೀಟರ್‌ನಲ್ಲಿ (ರೇಡಿಯೊದ ಸಿಗ್ನಲ್ ಬಲದ ಮಾಪಕ) ಸದ್ದೇ ಎಸ್8.

1. 143 ಭಾಗಿಸು ಫ್ರೀಕ್ವೆನ್ಸಿ ಅನ್ನುವ ಸೂತ್ರದಂತೆ ಒಟ್ಟು 20.1 ಮೀಟರ್ ಸರಿಯಾಗೇ ಇದೆಯಲ್ಲ, ಡಿಪ್ ಯಾಕೆ ಕೆಳಗೆ ಹೋಯಿತು? ಎಷ್ಟು ಕತ್ತರಿಸಲಿ?
2. ರೇಡಿಯೊದೊಳಗಿನ ಟ್ಯೂನರ್ (ಹೊಂದಿಕೆ ಸರಿಪಡಿಸುವ ಸರ್ಕ್ಯೂಟ್) ಆನ್ ಮಾಡಿದರೆ ಸಾಕೇ?
3. ಜುಮ್ ಅನ್ನುವುದಕ್ಕೂ ಸದ್ದಿಗೂ ಸಂಬಂಧ ಇದೆಯೇ?

---

ಅಲೆ_ಅಳತೆ:

ಮೊದಲು ಒಂದು ಮಾತು: ಕಟ್ಟಿಂಗ್ ಪ್ಲೇಯರ್ ಸದ್ಯಕ್ಕೆ ಒಳಗಿಡಿ. ನಿಮ್ಮ ಈಗಿನ ಅಳತೆಯಿಂದ ಲೆಕ್ಕ ಹಾಕಿದರೆ ಬೇಕಾದ ಉದ್ದ 20.10 × 6.78 ÷ 7.10 = 19.19 ಮೀಟರ್, ಅಂದರೆ ಒಂದೊಂದು ಕಡೆ 45 ಸೆಂ.ಮೀ. ಕಡಿಮೆ. ಲೆಕ್ಕ ತಪ್ಪಲ್ಲ. ಆದರೆ ಈಗ ಅಳೆದ 6.78 ನಿಮ್ಮ ತಂತಿಯೊಂದರದೇ ಫ್ರೀಕ್ವೆನ್ಸಿ ಅಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಅರ್ಧ ತರಂಗಾಂತರ 7.1ರಲ್ಲಿ 21.1 ಮೀಟರ್. ಸರಿಯಾಗಿ ಅಷ್ಟೇ ಉದ್ದದ ತೆಳು ತಂತಿಯನ್ನು ನೆಲದಿಂದ ಬಹು ದೂರ ಇಟ್ಟು ಮಧ್ಯದಲ್ಲಿ ಅಳೆದರೆ 73 ಓಮ್ ರೆಸಿಸ್ಟೆನ್ಸ್, ಜೊತೆಗೆ ಸುಮಾರು 42 ಓಮ್ ಇಂಡಕ್ಟಿವ್ ರಿಯಾಕ್ಟೆನ್ಸ್ ಸಿಗುತ್ತದೆ. ಆ 42 ಓಮ್ ಕಳೆಯಲು ತಂತಿಯನ್ನು ಸ್ವಲ್ಪ ಗಿಡ್ಡ ಮಾಡಬೇಕು. 143ರ ಸೂತ್ರದಲ್ಲಿ ಇರುವುದು ಈ ಸುಮಾರು 5% ಕಡಿತ ಮಾತ್ರ, ಅದೂ ಹೊದಿಕೆ ಇಲ್ಲದ ತಂತಿಗೆ.

ನಿಮ್ಮ ತಂತಿಗೆ ಪಿವಿಸಿ ಇದೆ. ಹೊದಿಕೆಯೊಳಗೆ ವಿದ್ಯುತ್ ಕ್ಷೇತ್ರದ ಒಂದು ಪಾಲು ಪ್ಲಾಸ್ಟಿಕ್ಕಿನಲ್ಲಿ ಹಾಯುವುದರಿಂದ ತಂತಿಯ ಮೇಲೆ ಅಲೆ ನಿಧಾನವಾಗುತ್ತದೆ. ಇಷ್ಟು ದಪ್ಪ ಹೊದಿಕೆಗೆ ಇನ್ನೊಂದು 2ರಿಂದ 4% ಗಿಡ್ಡ ಬೇಕಾಗುತ್ತದೆ. ಇದರ ಮೇಲೆ ಪ್ಯಾರಪೆಟ್. ಡೈಪೋಲ್‌ನಲ್ಲಿ (ನಿಮ್ಮ ವೀಯಂತೆ ಮಧ್ಯದಲ್ಲಿ ಕೇಬಲ್ ಸೇರುವ ಎರಡು ಕಡೆಯ ತಂತಿ) ಕರೆಂಟ್ ಮಧ್ಯದಲ್ಲಿ ಗರಿಷ್ಠ, ವೋಲ್ಟೇಜ್ ಕೊನೆಗಳಲ್ಲಿ ಗರಿಷ್ಠ. ವೋಲ್ಟೇಜ್ ಹೆಚ್ಚಿರುವ ಕೊನೆಯನ್ನೇ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಹತ್ತಿರಕ್ಕೆ ತಂದರೆ ಅಲ್ಲಿ ಕೆಪಾಸಿಟೆನ್ಸ್ ಸೇರಿ ಫ್ರೀಕ್ವೆನ್ಸಿ ಮತ್ತೂ ಇಳಿಯುತ್ತದೆ. ಕಾಂಕ್ರೀಟು ನಷ್ಟವನ್ನೂ ಕೂಡಿಸುತ್ತದೆ.

ಹಾಗಾಗಿ ಕೊನೆಗಳನ್ನು ಮೊದಲು ಮೇಲೆತ್ತಿ. ಮೂಲೆಗಳಲ್ಲಿ ಪಿವಿಸಿ ಪೈಪೋ ಒಣ ಬಿದಿರೋ ನಿಲ್ಲಿಸಿ, ತಂತಿಯ ಕೊನೆ ತಾರಸಿಯಿಂದ 2.5 ಮೀಟರ್ ಎತ್ತರಕ್ಕೆ ಬರಲಿ. ನಿಮ್ಮ ತಾರಸಿಯ ಕರ್ಣ 50 ಅಡಿ, ಅಂದರೆ ಮಧ್ಯದಿಂದ ಮೂಲೆಗೆ 7.6 ಮೀಟರ್. 7.5ರಿಂದ 2.5ಕ್ಕೆ ಇಳಿಜಾರು ತಂತಿಗೆ ಸಿಗುವ ಜಾಗ ಸುಮಾರು 9.1 ಮೀಟರ್. ಉಳಿದದ್ದನ್ನು ಕೆಳಗೆ ನೇತುಬಿಡಬೇಡಿ, ಕೈಗೆಟುಕುತ್ತದೆ. 50 ವ್ಯಾಟ್‌ಗೂ ಕೊನೆಯಲ್ಲಿ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. ಅದೇ ಎತ್ತರದಲ್ಲಿ ಪ್ಯಾರಪೆಟ್ ಗುಂಟ ಅಡ್ಡಕ್ಕೆ ತಿರುಗಿಸಿ ದಾರದಲ್ಲಿ ಎಳೆದು ಕಟ್ಟಿ.

ಮಡಚಿದರೆ ಆಂಟೆನಾ ಕೆಟ್ಟುಹೋಗುತ್ತದೆ ಎಂಬ ಭಯ ಬೇಡ. ಪ್ರಸಾರಕ್ಕೆ ಲೆಕ್ಕಕ್ಕೆ ಬರುವುದು ಕರೆಂಟ್ ಮತ್ತು ಅದು ಹರಿಯುವ ಉದ್ದ. ಒಂದೊಂದು ಕಡೆಯ ಕೊನೆಯ ಒಂದೂವರೆ ಮೀಟರಿನ ಪಾಲು ಒಟ್ಟಾರೆ ಸುಮಾರು 3% ಮಾತ್ರ. ಅರ್ಧ ಮೀಟರ್ ತಿರುಗಿಸುವುದು ಲೆಕ್ಕಕ್ಕೇ ಇಲ್ಲ. ಆದರೆ ಮಧ್ಯದ ಎರಡು-ಮೂರು ಮೀಟರ್ ಮಾತ್ರ ನೆಟ್ಟಗೆ, ಬಯಲಲ್ಲಿ ಇರಲೇಬೇಕು.

ಇನ್ನೊಂದು ಲಾಭ: ಈಗ ನಿಮ್ಮ ವೀ ಕೋನ ಸುಮಾರು 99 ಡಿಗ್ರಿ, ಕೊನೆ ಎತ್ತಿದರೆ 113 ಆಗುತ್ತದೆ. ಕೋನ ಕಿರಿದಾದಷ್ಟೂ ಎರಡು ಕಡೆಯ ಕರೆಂಟುಗಳು ಒಂದನ್ನೊಂದು ಕಳೆಯುತ್ತವೆ, ಇಂಪಿಡೆನ್ಸ್ ಇಳಿಯುತ್ತದೆ. 90ಕ್ಕಿಂತ ಕೆಳಗೆ ಹೋಗಲೇಬಾರದು.

---

ಫೆರೈಟ್_ಸುತ್ತು:

ಮೇಲಿನವರು ಹೇಳಿದ "6.78 ತಂತಿಯೊಂದರದೇ ಅಲ್ಲ" ಅನ್ನುವುದಕ್ಕೂ ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಒಂದೇ: ನಿಮ್ಮ ಆಂಟೆನಾಕ್ಕೆ ಮೂರು ತಂತಿಗಳಿವೆ. ಮೂರನೆಯದು ಕೋಆಕ್ಸಿನ ಹೊರಮೈ.

ಕೋಆಕ್ಸಿನೊಳಗೆ ನಡುತಂತಿಯ ಕರೆಂಟು ಮತ್ತು ಜಾಲರಿಯ ಒಳಮೈ ಕರೆಂಟು ಸಮ, ದಿಕ್ಕು ವಿರುದ್ಧ. 7 ಮೆಗಾಹರ್ಟ್ಸ್‌ನಲ್ಲಿ ಕರೆಂಟು ತಾಮ್ರದೊಳಗೆ ಇಳಿಯುವ ಆಳ ಸುಮಾರು 25 ಮೈಕ್ರಾನ್ ಅಷ್ಟೇ, ಆದ್ದರಿಂದ ಜಾಲರಿಯ ಒಳಮೈ ಮತ್ತು ಹೊರಮೈ ಎರಡು ಬೇರೆ ಬೇರೆ ತಂತಿಗಳ ಹಾಗೆ ವರ್ತಿಸುತ್ತವೆ. ಮೇಲೆ ಡೈಪೋಲ್ ಸೇರುವ ಜಾಗದಲ್ಲಿ ಒಳಮೈ ಕರೆಂಟಿಗೆ ಎರಡು ದಾರಿ ಸಿಗುತ್ತದೆ: ಒಂದು ಕಡೆಯ ತಂತಿ, ಇಲ್ಲವೇ ಜಾಲರಿಯ ಹೊರಮೈ ಹಿಡಿದು ವಾಪಸ್ ಕೆಳಗೆ. ಹೊರಮೈ ದಾರಿ ರೇಡಿಯೊ ಪೆಟ್ಟಿಗೆ, ಮೈಕು, ಮನೆ ಅರ್ತಿಂಗ್ ತನಕ ಬರುತ್ತದೆ. ತುಟಿ ಜುಮ್ ಅನ್ನುವುದು ಅದರಿಂದ. ಅದೇ ದಾರಿಯಲ್ಲಿ ಮನೆಯ ಚಾರ್ಜರುಗಳ ಸದ್ದು ಮೇಲೆ ಹತ್ತಿ ರಿಸೀವರಿಗೆ ಬರುತ್ತದೆ. ನೀವು ಕೇಬಲನ್ನು ಒಂದು ಕಡೆಯ ತಂತಿಯ ಪಕ್ಕದಲ್ಲೇ ಇಳಿಸಿರುವುದರಿಂದ ಹೊರಮೈಗೆ ಇನ್ನಷ್ಟು ಕರೆಂಟ್ ತಗಲುತ್ತದೆ.

ಪರೀಕ್ಷೆ ಸುಲಭ. ನ್ಯಾನೊವಿಎನ್‌ಎ ನೋಡುತ್ತಾ ಕೇಬಲನ್ನು ಕೈಯಲ್ಲಿ ಹಿಡಿಯಿರಿ, ಒಂದೆರಡು ಮೀಟರ್ ಜಾಗ ಬದಲಿಸಿ. ಡಿಪ್ ಕದಲಿದರೆ ಹೊರಮೈಯಲ್ಲಿ ಕರೆಂಟ್ ಇದೆ ಎಂದೇ ಅರ್ಥ.

ಪರಿಹಾರ 1:1 ಕರೆಂಟ್ ಚೋಕ್, ಅಂದರೆ ಹೊರಮೈ ಕರೆಂಟನ್ನು ತಡೆಯುವ ಸುರುಳಿ. ಎಫ್‌ಟಿ240-31 ಫೆರೈಟ್ ಉಂಗುರದ ಮೇಲೆ ಆರ್‌ಜಿ-58ನ್ನೇ 12 ಸುತ್ತು, ಉಂಗುರದ ಒಳಗಿಂದ ಹಾದುಹೋಗುವುದನ್ನು ಒಂದೊಂದು ಸುತ್ತು ಅಂತ ಎಣಿಸಿ. ಕೇಬಲನ್ನು ಗಟ್ಟಿಯಾಗಿ ಬಗ್ಗಿಸಬೇಡಿ. ಬಿಸಿಲಿಗೆ ಒಳಗಿನ ಪಾಲಿಥಿನ್ ಮೆತ್ತಗಾದಾಗ ನಡುತಂತಿ ಪಕ್ಕಕ್ಕೆ ಸರಿದು ಜಾಲರಿಗೆ ತಾಗುವ ಸಾಧ್ಯತೆ ಇದೆ. 31ನೇ ಮಿಕ್ಸ್ (ಫೆರೈಟಿನ ಬಗೆ) ಸಿಗದಿದ್ದರೆ 43ನೇ ಮಿಕ್ಸ್ ಕೂಡ 7 ಮೆಗಾಹರ್ಟ್ಸ್‌ಗೆ ಆಗುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಕೆಂಪು ಬಣ್ಣದ ಕಬ್ಬಿಣಪುಡಿ ಉಂಗುರ ಮಾತ್ರ ಬೇಡ. ಅದರ ಪರ್ಮಿಯಬಿಲಿಟಿ 10ರ ಆಸುಪಾಸು, ಚೋಕ್ ಆಗಲು ಸಾಲದು.

ಫೆರೈಟೇ ಇಲ್ಲದಿದ್ದರೆ ಸುಮಾರು 6 ಮೀಟರ್ ಕೋಆಕ್ಸನ್ನು 20 ಸೆಂ.ಮೀ. ವ್ಯಾಸದ ಪಿವಿಸಿ ಪೈಪ್ ಮೇಲೆ 9 ಸುತ್ತು, ಪಕ್ಕಪಕ್ಕ ಒಂದೇ ಪದರ. ರಾಶಿ ಮಾಡಿ ಟೇಪ್ ಸುತ್ತಿದರೆ ಮೊದಲ ಸುತ್ತು ಕೊನೆಯ ಸುತ್ತಿಗೆ ಅಂಟಿಕೊಂಡು ಕೆಪಾಸಿಟೆನ್ಸ್ ಹೆಚ್ಚುತ್ತದೆ, ಚೋಕಿನ ಗುಣ ಹಾಳು. ಗಾಳಿ ಸುರುಳಿ ಒಂದು ಬ್ಯಾಂಡಿಗೆ ನಡೆಯುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ತೂಕಕ್ಕೆ ಮಧ್ಯದ ಇನ್ಸುಲೇಟರ್ ಜಗ್ಗುವುದೂ ಇದೆ.

ಕಟ್ಟುವ ಮುಂಚೆ ಅಳೆದು ನೋಡಿ. ಚೋಕಿನ ಒಂದು ತುದಿಯ ಜಾಲರಿಯನ್ನು ನ್ಯಾನೊವಿಎನ್‌ಎಯ ಮೊದಲ ಪೋರ್ಟಿನ ನಡುಪಿನ್ನಿಗೆ, ಇನ್ನೊಂದು ತುದಿಯ ಜಾಲರಿಯನ್ನು ಎರಡನೇ ಪೋರ್ಟಿನ ನಡುಪಿನ್ನಿಗೆ ಚಿಕ್ಕ ತಂತಿಯಲ್ಲಿ ಸೇರಿಸಿ ಎಸ್21 (ಮೊದಲ ಪೋರ್ಟಿನಿಂದ ಎರಡನೆಯದಕ್ಕೆ ಎಷ್ಟು ದಾಟುತ್ತದೆ ಎಂಬ ಅಳತೆ) ನೋಡಿ. −21 ಡಿಬಿ ಅಂದರೆ 1000 ಓಮ್, ಇದು ಕನಿಷ್ಠ. −32 ಬಂದರೆ ಸುಮಾರು 4000 ಓಮ್, ನಿಶ್ಚಿಂತೆ.

ಚೋಕ್ ಇರಬೇಕಾದ್ದು ಮೇಲೆ, ತಂತಿ ಸೇರುವ ಜಾಗದಲ್ಲೇ. ಕೇಬಲ್ ಅಲ್ಲಿಂದ ಪೈಪ್ ಗುಂಟ ನೆಟ್ಟಗೆ ಇಳಿಯಲಿ. ಮನೆಯೊಳಗೆ ಬರುವ ಜಾಗದಲ್ಲಿ ಇನ್ನೊಂದು ಚೋಕ್ ಹಾಕಿದರೆ ಸದ್ದಿನ ಮಟ್ಟಿಗೆ ತುಂಬ ಒಳ್ಳೆಯದು.

---

ಡಿಬಿ_ಲೆಕ್ಕ:

ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ. ಟ್ಯೂನರ್ ಬೇಡ ಅನ್ನುವುದಕ್ಕೂ ಅಂಕಿ ಇರಲಿ.

20 ಮೀಟರ್ ಆರ್‌ಜಿ-58ರ ನಷ್ಟ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.8 ಡಿಬಿ. ಈ ನಷ್ಟ ಎಸ್‌ಡಬ್ಲ್ಯೂಆರನ್ನೂ ಮುಚ್ಚಿಡುತ್ತದೆ: ರೂಮಿನಲ್ಲಿ 3.8 ಕಂಡರೆ ಮೇಲೆ ಆಂಟೆನಾದಲ್ಲಿ ಅದು ಸುಮಾರು 5.7. ಆ ಸ್ಥಿತಿಯಲ್ಲಿ ಕೇಬಲಿನ ಒಟ್ಟು ನಷ್ಟ 1.9 ಡಿಬಿ. 50 ವ್ಯಾಟ್‌ನಲ್ಲಿ ಮೇಲೆ ತಲುಪುವುದು 32. ಪೂರ್ತಿ ಹೊಂದಿಕೆಯಾದರೆ 41 ಚಿಲ್ಲರೆ. ಟ್ಯೂನರ್ ರೇಡಿಯೊಗೆ 50 ಓಮ್ ತೋರಿಸುತ್ತದೆ, ಕೇಬಲಿನೊಳಗಿನ ಸ್ಥಿತಿ ಹಾಗೇ ಇರುತ್ತದೆ. ಅಲ್ಲದೆ ರೇಡಿಯೊದೊಳಗಿನ ಟ್ಯೂನರುಗಳು ಸಾಮಾನ್ಯವಾಗಿ 3ರ ತನಕ ಮಾತ್ರ ಹೊಂದಿಸುತ್ತವೆ, ನಿಮ್ಮದು 3.8.

ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಆಂಟೆನಾದಲ್ಲಿ ಎಸ್‌ಡಬ್ಲ್ಯೂಆರ್ 2 ಇದ್ದರೆ ಕೇಬಲ್ ನಷ್ಟ 0.96 ಡಿಬಿ, 1 ಇದ್ದರೆ 0.8. ವ್ಯತ್ಯಾಸ 0.16 ಡಿಬಿ, ಒಂದು ಎಸ್-ಯೂನಿಟ್ ಅಂದರೆ 6 ಡಿಬಿ. 1.5ನ್ನು 1.1 ಮಾಡಲು ನಾಲ್ಕು ಭಾನುವಾರ ಕಳೆಯುವವರನ್ನು ಕಂಡಾಗ ಬೇಸರವಾಗುತ್ತದೆ. ಆ ಹೊತ್ತನ್ನು ಪೈಪ್ ಎತ್ತರಿಸಲು ಕೊಡಿ.

ಇನ್ನೊಂದು ಎಚ್ಚರಿಕೆ. ಡಿಪ್ ಬಹಳ ಅಗಲವಾಗಿ, ಬ್ಯಾಂಡಿನ ಆಚೆಗೂ ಎಸ್‌ಡಬ್ಲ್ಯೂಆರ್ ಕಡಿಮೆಯೇ ಕಂಡರೆ ಖುಷಿಪಡಬೇಡಿ, ಕೇಬಲಿಗೆ ನೀರು ಹೊಕ್ಕಿರಬಹುದು. 3 ಡಿಬಿ ನಷ್ಟದ ಕೇಬಲಿನ ಕೊನೆಯಲ್ಲಿ ಏನನ್ನೂ ಸೇರಿಸದಿದ್ದರೂ ಕೆಳಗೆ ಎಸ್‌ಡಬ್ಲ್ಯೂಆರ್ 3 ತೋರಿಸುತ್ತದೆ. ಅನುಮಾನ ಬಂದರೆ ಮೇಲಿನ ತುದಿ ಬಿಚ್ಚಿಟ್ಟು ಅಳೆಯಿರಿ. ನಿಮ್ಮ 20 ಮೀಟರಿಗೆ 10, 11ರ ಆಸುಪಾಸು ಬರಬೇಕು. 3, 4 ಬಂದರೆ ಕೇಬಲ್ ಎಸೆಯುವುದೇ ಸರಿ.

ಆಂಟೆನಾದ ನಿಜವಾದ ಓಮ್ ಕೆಳಗಿನಿಂದಲೇ ನೋಡಬೇಕೆಂದರೆ ಕೇಬಲ್ ಉದ್ದ ಅರ್ಧ ತರಂಗಾಂತರದ ಗುಣಕವಾಗಿರಲಿ. ಆರ್‌ಜಿ-58ರ ವೆಲಾಸಿಟಿ ಫ್ಯಾಕ್ಟರ್ (ಕೇಬಲಿನೊಳಗೆ ಅಲೆಯ ವೇಗ ಬೆಳಕಿನ ವೇಗದ ಎಷ್ಟು ಪಾಲು ಎಂಬುದು) 0.66 ಇರುವುದರಿಂದ 7.1ಕ್ಕೆ 13.9 ಮೀಟರ್. ಅಡಾಪ್ಟರುಗಳನ್ನು ಹಾಕಿದ ಮೇಲೆ, ಅವುಗಳ ತುದಿಯಲ್ಲೇ ಓಪನ್, ಶಾರ್ಟ್, ಲೋಡ್ ಕ್ಯಾಲಿಬ್ರೇಟ್ ಮಾಡಿ.

---

ತಾರಸಿ_ತಂತಿ:

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಮಾಡಿದೆ, ತಂತಿ ಮುಟ್ಟಿಲ್ಲ.

ಕೊನೆಗಳು 2.5 ಮೀಟರಿಗೆ: ಡಿಪ್ 6.84.
ಚೋಕ್ (ಎಫ್‌ಟಿ240-31, 12 ಸುತ್ತು, ಎಸ್21 −31 ಡಿಬಿ) ಹಾಕಿ ಕೇಬಲ್ ಪೈಪ್ ಗುಂಟ ಇಳಿಸಿದ ಮೇಲೆ: ಡಿಪ್ 6.87, ಎಸ್‌ಡಬ್ಲ್ಯೂಆರ್ 1.2. ಕೇಬಲ್ ಹಿಡಿದರೂ ಕದಲುತ್ತಿಲ್ಲ. ಮೈಕ್ ಜುಮ್ ಅನ್ನುವುದು ನಿಂತಿದೆ.

ಈಗ 6.87ರಿಂದ ಲೆಕ್ಕ ಹಾಕಿದರೆ ಒಟ್ಟು 19.45 ಮೀಟರ್, ಅಂದರೆ ಒಂದೊಂದು ಕಡೆ ಸುಮಾರು 33 ಸೆಂ.ಮೀ. ಕಡಿಮೆ. ಕತ್ತರಿಸಬಹುದಾ? ಸದ್ದು ಎಸ್8ರಿಂದ ಎಸ್6ಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ. ಇದೇ ಆಂಟೆನಾ 15 ಮೀಟರ್ ಬ್ಯಾಂಡಿಗೂ ಆಗುತ್ತದೆ ಅಂತ ಕೇಳಿದ್ದೇನೆ, 21.2ರಲ್ಲಿ ನೋಡಿದರೆ ಎಸ್‌ಡಬ್ಲ್ಯೂಆರ್ ಜಾಸ್ತಿ ಇದೆ.

---

ಅಲೆ_ಅಳತೆ:

ಮೊದಲೇ 45 ಸೆಂ.ಮೀ. ಕತ್ತರಿಸಿದ್ದರೆ ಈಗ ಡಿಪ್ 7.19ರಲ್ಲಿ ಬಂದು ಬ್ಯಾಂಡಿನ ಮೇಲಂಚಿಗೆ ಕೂರುತ್ತಿತ್ತು, ತಂತಿಗೆ ತೇಪೆ ಹಾಕಬೇಕಾಗುತ್ತಿತ್ತು.

ಈಗಲೂ ಕತ್ತರಿಸಬೇಡಿ. 33 ಸೆಂ.ಮೀ.ಯನ್ನು ಹಿಂದಕ್ಕೆ ಮಡಚಿ, ತನ್ನದೇ ತಂತಿಯ ಮೇಲೆ ಬಿಗಿಯಾಗಿ ಹೊಸೆದು ಕೇಬಲ್ ಟೈ ಹಾಕಿ. ಬಿಗಿಯಾಗಿ ಹೊಸೆದ ಭಾಗ ಹೆಚ್ಚುಕಡಿಮೆ ಕತ್ತರಿಸಿದ ಹಾಗೇ ವರ್ತಿಸುತ್ತದೆ. ಸಡಿಲ ಬಿಟ್ಟು ಅಂತರ ಇದ್ದರೆ ಕೊನೆಯಲ್ಲಿ ಕೆಪಾಸಿಟೆನ್ಸ್ ಉಳಿದು ಲೆಕ್ಕಕ್ಕಿಂತ ಕೆಳಗೇ ನಿಲ್ಲುತ್ತದೆ. ಮೊದಲು 25 ಸೆಂ.ಮೀ. ಮಡಚಿ ಅಳೆದು, ಆಮೇಲೆ ಉಳಿದದ್ದು. ಎರಡೂ ಕಡೆ 10 ಸೆಂ.ಮೀ. ಕಡಿಮೆ ಮಾಡಿದರೆ ಡಿಪ್ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ, ಇದೊಂದು ಅಂಕಿ ಕೈಯಲ್ಲಿದ್ದರೆ ಸಾಕು. ಮಡಚಿದ್ದನ್ನು ಹಾಗೇ ಉಳಿಸಿಕೊಳ್ಳಿ. ನಾಳೆ ಪೈಪ್ ಎತ್ತರಿಸಿದರೆ ಬೇಕಾಗುತ್ತದೆ.

15 ಮೀಟರ್ ವಿಷಯ: ಮೂರು ಅರ್ಧ ತರಂಗಾಂತರ ಕೂರುವ ಫ್ರೀಕ್ವೆನ್ಸಿ ಸರಿಯಾಗಿ ಮೂರು ಪಟ್ಟು ಅಲ್ಲ. ಕೊನೆಗಳಿಂದಾಗುವ ಕಡಿತ ಉದ್ದಕ್ಕೆ ಒಂದೇ ಸಲ ಸೇರುತ್ತದೆ, ಮೂರು ಸಲ ಅಲ್ಲ. ಅದರಿಂದ 7.1ಕ್ಕೆ ಹೊಂದಿಸಿದ್ದು 22ರ ಹತ್ತಿರ ರೆಸೊನೆಂಟ್ ಆಗುತ್ತದೆ, ಬ್ಯಾಂಡ್ 21.45ಕ್ಕೇ ಮುಗಿಯುತ್ತದೆ. 21ರಲ್ಲಿ ವೋಲ್ಟೇಜ್ ಗರಿಷ್ಠ ಇರುವ ಜಾಗ ಮಧ್ಯದಿಂದ ಎರಡೂ ಕಡೆ ಸುಮಾರು 3.5 ಮೀಟರ್ ದೂರದಲ್ಲಿದೆ. ಅಲ್ಲಿ ಒಂದೊಂದು ಅಡಿ ತಂತಿ ಬೆಸೆದು ಕೆಳಗೆ ಇಳಿಬಿಡಿ, ಅಳೆಯುತ್ತಾ ಉದ್ದ ಹೊಂದಿಸಿ. 15 ಮೀಟರ್ ಬ್ಯಾಂಡಿನ ಡಿಪ್ ಕೆಳಗಿಳಿಯುತ್ತದೆ, 40 ಮೀಟರಿನದು ಸ್ವಲ್ಪವೇ ಕದಲುತ್ತದೆ. ಹಾಗಾಗಿ ಇದನ್ನು ಮೊದಲು ಮಾಡಿ, 40ರ ಕೊನೆ ಹೊಂದಾಣಿಕೆ ಆಮೇಲೆ.

---

ಫೆರೈಟ್_ಸುತ್ತು:

ಉಳಿದ ಎಸ್6 ಬಗ್ಗೆ. ರೇಡಿಯೊವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಸಂಜೆ ಸದ್ದು ಇರುವ ಹೊತ್ತಿಗೆ ಮನೆಯ ಮೇನ್ ಎಂಸಿಬಿ ಇಳಿಸಿ. ಮೀಟರ್ ಬಿದ್ದರೆ ಸದ್ದು ನಿಮ್ಮ ಮನೆಯದೇ. ಒಂದೊಂದೇ ಸರ್ಕ್ಯೂಟ್ ಏರಿಸುತ್ತಾ ಹುಡುಕಿ: ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಯುಪಿಎಸ್, ಈ ನಾಲ್ಕರಲ್ಲೇ ಬಹುಪಾಲು ಸಿಗುತ್ತದೆ. ಸಿಕ್ಕಿದ್ದರ ವೈರಿಗೆ ಕ್ಲಿಪ್ ಫೆರೈಟ್ ಒಂದು ಸಲ ಕಚ್ಚಿಸಿದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಆಗುವುದಿಲ್ಲ. ಇಂಪಿಡೆನ್ಸ್ ಸುತ್ತಿನ ವರ್ಗದಂತೆ ಏರುವುದರಿಂದ ದೊಡ್ಡ ಉಂಗುರದಲ್ಲಿ ಏಳೆಂಟು ಸುತ್ತು ಹಾಕಿ. ಏಪ್ರಿಲ್–ಮೇ ಸಂಜೆಯ ಚಟಪಟ ಸದ್ದು ಮಾತ್ರ ಗುಡುಗಿನದು, ಅದಕ್ಕೆ ಮದ್ದಿಲ್ಲ.

ಗುಡುಗು ಅಂದಮೇಲೆ: ಜಿಐ ಪೈಪನ್ನು ದಪ್ಪ ತಾಮ್ರದ ತಂತಿಯಲ್ಲಿ ನೆಲದ ಅರ್ತ್ ರಾಡಿಗೆ ಇಳಿಸಿ, ಆ ರಾಡನ್ನು ಮನೆ ಅರ್ತಿಂಗಿಗೂ ಸೇರಿಸಿ. ಎರಡು ಅರ್ತ್ ಬೇರೆ ಬೇರೆ ಇದ್ದರೆ ಸಿಡಿಲಿನ ಹೊತ್ತಲ್ಲಿ ಅವುಗಳ ನಡುವಿನ ವ್ಯತ್ಯಾಸ ನಿಮ್ಮ ರೇಡಿಯೊ ಮೂಲಕವೇ ಹಾಯುತ್ತದೆ. ಮೋಡ ಕಟ್ಟುವ ಮುಂಚೆಯೇ ಕೋಆಕ್ಸ್ ಬಿಚ್ಚಿ ಮನೆ ಹೊರಗಿಡಿ, ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಪೈಪ್ ಬಿದ್ದರೂ, ತಂತಿ ಹರಿದು ಹಾರಿದರೂ ಬೀದಿಯ ಕರೆಂಟ್ ತಂತಿಗೆ ಎಟುಕದ ಹಾಗಿರಬೇಕು.

ಜೂನ್ ಬರುವುದರೊಳಗೆ ಚೋಕಿನ ಡಬ್ಬಿ ನೋಡಿಕೊಳ್ಳಿ. ಕೋಆಕ್ಸಿನ ಕತ್ತರಿಸಿದ ತುದಿ ಮೇಲ್ಮುಖವಾಗಿದ್ದರೆ ನೀರು ಜಾಲರಿಯೊಳಗೆ ಬತ್ತಿಯಂತೆ ಇಳಿದು ರೂಮಿನ ತನಕ ಬರುತ್ತದೆ. ತುದಿ ಕೆಳಮುಖವಾಗಿರಲಿ, ಮೊದಲು ತನಗೆ ತಾನೇ ಬೆಸೆಯುವ ರಬ್ಬರ್ ಟೇಪು, ಅದರ ಮೇಲೆ ಬಿಸಿಲು ತಡೆಯಲು ಪಿವಿಸಿ ಟೇಪು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಡಬ್ಬಿಯ ತಳಕ್ಕೆ 3 ಮಿ.ಮೀ. ತೂತು ಒಂದು ಬೇಕು. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯ ತೇವ ನೀರಾಗಿ ಒಳಗೇ ನಿಲ್ಲುತ್ತದೆ.